ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಎಳೆಯುತ್ತಿಲ್ಲ: ಮೋಟರ್ ಬದಲಿಸುವ ಮುಂಚೆ ನೋಡಬೇಕಾದ್ದು

ಪ್ರಶ್ನೆ: ಸರ್, ನಮ್ಮದು ಮುಧೋಳ ತಾಲ್ಲೂಕು. ನಾನು, ಒಂಬತ್ತನೇ ಕ್ಲಾಸಿನ ಮಗಳು ಕೂಡಿ ಪ್ಲಾಸ್ಟಿಕ್ ಬ್ರಿಕ್ಸಿನ್ಯಾಗ ಕಬ್ಬಿನ ಟ್ರ್ಯಾಕ್ಟರ್ ಕಟ್ಟೇವಿ, ಹಿಂದ ಎರಡು ಟ್ರೇಲರ್. ಲೆಗೋ ಕಂಪನಿಯ ಪವರ್ ಫಂಕ್ಷನ್ಸ್ ಸರಣಿಯ ಎಂ ಮೋಟರ್ ಒಂದು, ಆರು ಸೆಲ್ಲಿನ ಬಾಕ್ಸ್ ಒಂದು. ಮೋಟರ್ ಉದ್ದಕ್ಕ ಮಲಗೈತಿ, ಅದರಿಂದ ಹಿಂದಿನ ಅಚ್ಚಿಗೆ 12 ಹಲ್ಲು–20 ಹಲ್ಲಿನ ಗೇರ್. ಹಿಂದಿನ ಗಾಲಿ 81.6 ಮಿ.ಮೀ. ಟ್ರ್ಯಾಕ್ಟರ್ 900 ಗ್ರಾಂ ತೂಗತೈತಿ. ಜೋಳದ ದಂಟು ಕತ್ತರಿಸಿ ಕಬ್ಬಂತ ಹೇರಿದ ಮ್ಯಾಲ ಟ್ರೇಲರ್ ಎರಡೂ ಕೂಡಿ 1300 ಗ್ರಾಂ. ಟ್ರ್ಯಾಕ್ಟರ್ ಒಂದ ಬಿಟ್ರ ಚಲೋ ಓಡತೈತಿ. ಟ್ರೇಲರ್ ಹಚ್ಚಿದ ಕೂಡಲೇ ಗುಂಯ್ ಅಂತೈತಿ, ಒಮ್ಮೊಮ್ಮೆ ಕಟಕಟ ಅಂತೈತಿ, ಸ್ವಲ್ಪ ಹೊತ್ತಿಗೆ ಪೂರಾ ಬಂದ್ ಬೀಳತೈತಿ. ಇದಕ್ಕಿಂತ ದೊಡ್ಡ ಎಕ್ಸ್‌ಎಲ್ ಮೋಟರ್ ತರಿಸಬೇಕೇನು? ಆಮೇಲೆ ಟ್ರೇಲರ್ ಓರೆ ಮಾಡಿ ಕಬ್ಬು ಸುರುವೋದು ಹ್ಯಾಂಗ?

ಉತ್ತರ: ತೂಕ, ಗಾಲಿಯ ಅಳತೆ, ಗೇರಿನ ಹಲ್ಲು ಎಲ್ಲವನ್ನೂ ಬರೆದು ಕಳಿಸಿದ್ದೀರಿ. ಇಷ್ಟು ಗೊತ್ತಿದ್ದರೆ ಊಹೆ ಬೇಕಿಲ್ಲ, ಲೆಕ್ಕ ಹಾಕಿಯೇ ಹೇಳಬಹುದು.

ನೀವು ಹೇಳಿದ ಮೂರು ಲಕ್ಷಣಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಗುಂಯ್ ಎನ್ನುವುದು ಮೋಟರಿಗೆ ಭಾರ ಹೆಚ್ಚಾದ ಸದ್ದು. ಗೇರ್ ಅನುಪಾತ ಸಾಲುತ್ತಿಲ್ಲ ಎಂದರ್ಥ. ಕಟಕಟ ಎನ್ನುವುದು ಒಂದು ಗೇರಿನ ಹಲ್ಲು ಇನ್ನೊಂದರ ಮೇಲೆ ಹತ್ತಿ ಜಾರುವ ಸದ್ದು. ಅದು ಚಾಸಿ ಬಾಗುತ್ತಿರುವ ಗುರುತು. ಸ್ವಲ್ಪ ಹೊತ್ತಿಗೆ ಬಂದ್ ಬಿದ್ದು, ತಣ್ಣಗಾದ ಮೇಲೆ ಮತ್ತೆ ಓಡಿದರೆ, ಮೋಟರ್ ಮತ್ತು ಬ್ಯಾಟರಿ ಬಾಕ್ಸಿನೊಳಗಿನ ರಕ್ಷಣೆಯ ಭಾಗ ಬಿಸಿಯಾಗಿ ಕರೆಂಟ್ ತಡೆದಿದೆ ಎಂದು ತಿಳಿಯಿರಿ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡಿದೆ. ಎಕ್ಸ್‌ಎಲ್ ಮೋಟರ್ ಹಾಕಿದರೆ ಗುಂಯ್ ನಿಲ್ಲುತ್ತದೆ, ಆದರೆ ಕಟಕಟ ಈಗಿನದಕ್ಕಿಂತ ಜೋರಾಗುತ್ತದೆ. ಬಾಗುವ ಚಾಸಿಗೆ ಹೆಚ್ಚು ಬಲ ಕೊಟ್ಟರೆ ಅದು ಇನ್ನಷ್ಟು ಬಾಗುತ್ತದೆ. ಹಾಗಾಗಿ ದುಡ್ಡು ಸದ್ಯ ಕಿಸೆಯಲ್ಲೇ ಇರಲಿ.

ಮೊದಲು ಬಲದ ಲೆಕ್ಕ. ಎಂ ಮೋಟರ್ 9 ವೋಲ್ಟಿನಲ್ಲಿ ಖಾಲಿ ತಿರುಗಿದರೆ ನಿಮಿಷಕ್ಕೆ ಸುಮಾರು 400 ಸುತ್ತು. ಅದನ್ನು ಹಿಡಿದು ನಿಲ್ಲಿಸಲು ಬೇಕಾಗುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 11 ನ್ಯೂಟನ್-ಸೆಂ.ಮೀ. ಈ 11 ಎನ್ನುವುದು ಮೋಟರ್ ನಿಂತೇ ಹೋಗುವ ಅಂಕಿ, ದುಡಿಯುವ ಅಂಕಿ ಅಲ್ಲ. ಹೊತ್ತುಗಟ್ಟಲೆ ಬಿಸಿಯಾಗದೆ ದುಡಿಯಬೇಕಾದರೆ ಅರ್ಧಕ್ಕಿಂತ ಕಡಿಮೆ, ಅಂದರೆ 4.5ರ ಆಸುಪಾಸಿನಲ್ಲಿ ಇಡಬೇಕು.

ನಿಮ್ಮ ಟ್ರ್ಯಾಕ್ಟರ್, ಟ್ರೇಲರ್ ಎಲ್ಲ ಸೇರಿ 2.2 ಕೆ.ಜಿ., ಅಂದರೆ ಸುಮಾರು 21.6 ನ್ಯೂಟನ್. ಪ್ಲಾಸ್ಟಿಕ್ ತೂತಿನಲ್ಲಿ ಪ್ಲಾಸ್ಟಿಕ್ ಅಚ್ಚು ತಿರುಗುವಾಗ ತೂಕದ ಹತ್ತರಲ್ಲಿ ಒಂದು ಪಾಲು ಉಜ್ಜಾಟಕ್ಕೇ ಹೋಗುತ್ತದೆ ಎಂದು ಹಿಡಿಯೋಣ: 2.2 ನ್ಯೂಟನ್. ಗಾಲಿಯ ತ್ರಿಜ್ಯ 4.1 ಸೆಂ.ಮೀ. ಇರುವುದರಿಂದ ಸಮ ನೆಲದಲ್ಲಿ ಅಚ್ಚಿಗೆ 9 ನ್ಯೂಟನ್-ಸೆಂ.ಮೀ. ಬೇಕು. 12–20 ಗೇರಿನಲ್ಲಿ ಮೋಟರಿನ ಬಲ 1.67 ಪಟ್ಟು ಆಗುತ್ತದೆ. ಹಲ್ಲುಗಳ ಉಜ್ಜಾಟ ಕಳೆದರೆ ಒಂದೂವರೆ ಪಟ್ಟು ಉಳಿಯಿತು. ಹೀಗೆ ಸಮ ನೆಲದಲ್ಲೇ ಮೋಟರ್ 6 ನ್ಯೂಟನ್-ಸೆಂ.ಮೀ. ಕೊಡಬೇಕು. ಆಗಲೇ ಅರ್ಧ ದಾಟಿತು. ಈಗ ಮೀಟರಿಗೆ 9 ಸೆಂ.ಮೀ. ಏರುವ ಸಣ್ಣ ಇಳಿಜಾರು ಹತ್ತಿಸಿ: ಎಳೆಯಬೇಕಾದ ಬಲ 2.2ರಿಂದ 4.1 ನ್ಯೂಟನ್‌ಗೆ ಏರುತ್ತದೆ, ಮೋಟರಿನ ಪಾಲು 11ಕ್ಕೆ ಬಂದು ಮುಟ್ಟುತ್ತದೆ. ಮೋಟರ್ ನಿಲ್ಲುವ ಅಂಕಿಯೂ ಅದೇ. ಟ್ರೇಲರ್ ಗಾಲಿಗಳು ಎಲ್ಲಾದರೂ ಬಿಗಿ ಹಿಡಿದಿದ್ದರೆ ಇಳಿಜಾರೂ ಬೇಕಿಲ್ಲ, ನೆಲದ ಮೇಲೇ ಗುಂಯ್ ಎಂದು ನಿಲ್ಲುತ್ತದೆ.

ಇದರ ಜೊತೆಗೇ ನೋಡಬೇಕಾದ ಇನ್ನೊಂದು ಲೆಕ್ಕವಿದೆ, ಬಹಳ ಜನ ಅದನ್ನು ಬಿಡುತ್ತಾರೆ. ಟೈರಿಗೆ ಎಷ್ಟು ಹಿಡಿತ ಇದೆ? ನಿಮ್ಮ 900 ಗ್ರಾಂನಲ್ಲಿ ಸುಮಾರು 630 ಗ್ರಾಂ ಹಿಂದಿನ ಗಾಲಿಗಳ ಮೇಲೆ ಕೂತಿದೆ ಎಂದುಕೊಳ್ಳಿ. ಒಣಗಿದ, ಸ್ವಚ್ಛ ನೆಲದ ಮೇಲೆ ಆ ರಬ್ಬರ್ ಹೆಚ್ಚೆಂದರೆ 5 ನ್ಯೂಟನ್ ಎಳೆಯುತ್ತದೆ. ನುಣುಪು ಫರಸಿಯ ಮೇಲೆ ಧೂಳಿದ್ದರೆ ಅದಕ್ಕಿಂತ ಕಡಿಮೆ. ಅದಕ್ಕೂ ಹೆಚ್ಚಿನ ಬಲ ಎಂಥ ಮೋಟರಿನಿಂದ ಬಂದರೂ ಗಾಲಿ ನಿಂತಲ್ಲೇ ತಿರುಗುತ್ತದೆ. 15 ಡಿಗ್ರಿ ಏರಿಗೆ ಈ ಗಾಡಿಗೆ 7.8 ನ್ಯೂಟನ್ ಬೇಕು, ಆದ್ದರಿಂದ ಮನೆ ಮುಂದಿನ ಬೈಕ್ ಹತ್ತಿಸುವ ಇಳಿಜಾರನ್ನು ಎರಡು ಟ್ರೇಲರ್ ಕಟ್ಟಿಕೊಂಡು ಇದು ಏರುವುದಿಲ್ಲ. ಅದಕ್ಕೆ ಟ್ರ್ಯಾಕ್ಟರಿನ ಹಿಂಭಾಗಕ್ಕೆ ತೂಕ ಸೇರಿಸಬೇಕು. ಬ್ಯಾಟರಿ ಬಾಕ್ಸನ್ನು ಬಾನೆಟ್ಟಿನೊಳಗಿಂದ ತೆಗೆದು ಸೀಟಿನ ಕೆಳಗೆ, ಹಿಂದಿನ ಅಚ್ಚಿನ ಮೇಲೆಯೇ ಕೂರಿಸಿ. ಸೆಲ್‌ಗಳ ತೂಕವೇ 140 ಗ್ರಾಂ ದಾಟುತ್ತದೆ, ಅದು ಪುಕ್ಕಟೆ ಸಿಗುವ ತೂಕ.

ಈ ಎರಡು ಲೆಕ್ಕ ಸೇರಿಸಿದರೆ ಗುರಿ ಸ್ಪಷ್ಟ: ಮೋಟರ್ ನಿಲ್ಲುವ ಮುಂಚೆ ಟೈರ್ ಜಾರಬೇಕು. ಹಾಗೆ ಕಟ್ಟಿದ ಗಾಡಿಯಲ್ಲಿ ಮೋಟರ್ ಬಿಸಿಯಾಗುವುದಿಲ್ಲ, ಗೇರ್ ಸವೆಯುವುದಿಲ್ಲ, ಅಚ್ಚು ತಿರುಚಿಕೊಳ್ಳುವುದಿಲ್ಲ. 5 ನ್ಯೂಟನ್ ಹಿಡಿತ ಎಂದರೆ ಅಚ್ಚಿನಲ್ಲಿ 20 ನ್ಯೂಟನ್-ಸೆಂ.ಮೀ. ಮೋಟರಿನ 4.5ನ್ನು 9 ಪಟ್ಟು ಮಾಡಿ, ಐದರಲ್ಲಿ ಒಂದು ಪಾಲು ಉಜ್ಜಾಟಕ್ಕೆ ಬಿಟ್ಟರೂ 32 ಸಿಗುತ್ತದೆ. 5 ಪಟ್ಟು ಮಾಡಿದರೆ 18, ಕೂದಲೆಳೆಯಷ್ಟು ಕಡಿಮೆ. ಹಾಗಾಗಿ 9:1 ಮಾಡಿ. ವೇಗ ಕಡಿಮೆಯಾಗುತ್ತದೆ, ಭಾರ ಹೇರಿದಾಗ ನಿಮಿಷಕ್ಕೆ 7 ಮೀಟರ್ ಆಸುಪಾಸು. ಹಂಗಾಮಿನಲ್ಲಿ ಕಾರ್ಖಾನೆ ದಾರಿ ಹಿಡಿದ ಲೋಡ್ ಟ್ರ್ಯಾಕ್ಟರ್ ನೋಡಿದವರಿಗೆ ಆ ನಡಿಗೆಯೇ ಸರಿ ಎನಿಸುತ್ತದೆ.

ಈಗ ಅದನ್ನು ಕೂರಿಸುವ ಬಗೆ. ಮೋಟರನ್ನು ಉದ್ದಕ್ಕೆ ಮಲಗಿಸಿದ್ದೀರಿ, ಅದಕ್ಕೇ ಮೂಲೆ ತಿರುಗಿಸುವ 12–20 ಜೋಡಿ ಬೇಕಾಗಿದೆ. ಮೋಟರನ್ನು ಅಡ್ಡ ತಿರುಗಿಸಿ, ಅದರ ಶಾಫ್ಟ್ ಹಿಂದಿನ ಅಚ್ಚಿಗೆ ಸಮಾನಾಂತರವಾಗಿರಲಿ. ಮೋಟರಿನ ಉದ್ದ 6 ಸ್ಟಡ್ (ಸ್ಟಡ್ ಎಂದರೆ ಬ್ರಿಕ್ಸಿನ ಮೇಲಿನ ಗುಂಡು ಉಬ್ಬು, ಅಳತೆಗೆ ಒಂದಕ್ಕೆ 8 ಮಿ.ಮೀ.). ಗೇರುಗಳಿಗೆ ಎರಡು, ಎರಡು ಬದಿಯ ಬೀಮುಗಳಿಗೆ (ತೂತಿರುವ ಉದ್ದ ಪಟ್ಟಿಗಳು) ಎರಡು ಸೇರಿಸಿದರೆ ಚಾಸಿಯ ಅಗಲ 10 ಸ್ಟಡ್, ಅಂದರೆ 8 ಸೆಂ.ಮೀ. ಈ ಅಳತೆಯ ಗಾಲಿಯ ಟ್ರ್ಯಾಕ್ಟರಿಗೆ ಅದು ಒಪ್ಪುವ ಅಗಲವೇ.

ಗೇರುಗಳ ನಡುವಿನ ಅಂತರಕ್ಕೆ ಒಂದು ಸುಲಭ ಲೆಕ್ಕ ಇದೆ: ಎರಡೂ ಗೇರಿನ ಹಲ್ಲು ಕೂಡಿಸಿ ಎರಡರಿಂದ ಭಾಗಿಸಿದರೆ ಅಚ್ಚಿನಿಂದ ಅಚ್ಚಿಗೆ ಇರಬೇಕಾದ ದೂರ ಮಿಲಿಮೀಟರಿನಲ್ಲಿ ಬರುತ್ತದೆ. ಬೀಮಿನ ತೂತಿನಿಂದ ತೂತಿಗೆ 8 ಮಿ.ಮೀ. ಹಾಗಾಗಿ 8 ಮತ್ತು 24 ಹಲ್ಲು ಸೇರಿದರೆ 16 ಮಿ.ಮೀ., ಎರಡು ತೂತಿನ ದೂರ. 12 ಮತ್ತು 36 ಸೇರಿದರೆ 24 ಮಿ.ಮೀ., ಮೂರು ತೂತು. 8 ಮತ್ತು 40 ಕೂಡ ಮೂರು ತೂತು. 16 ಮತ್ತು 24 ಸೇರಿದರೆ 20 ಮಿ.ಮೀ., ಎರಡೂವರೆ ತೂತು. ನೇರ ಬೀಮಿನಲ್ಲಿ ಅದು ಕೂರುವುದಿಲ್ಲ, ಒತ್ತಿ ಕೂರಿಸಿದರೆ ಒಂದೋ ಬಿಗಿ, ಇಲ್ಲವೇ ಸಡಿಲ.

ನಿಮಗೆ ಬೇಕಾದ್ದು ಎರಡು ಹಂತ. ಮೋಟರ್ ಶಾಫ್ಟಿನಲ್ಲಿ 8 ಹಲ್ಲು, ಎರಡು ತೂತು ಹಿಂದೆ ನಡುವಿನ ಅಚ್ಚಿನಲ್ಲಿ 24 ಹಲ್ಲು. ಅದೇ ನಡುವಿನ ಅಚ್ಚಿನಲ್ಲಿ 12 ಹಲ್ಲು, ಅಲ್ಲಿಂದ ಮೂರು ತೂತು ಹಿಂದೆ ಗಾಲಿಯ ಅಚ್ಚಿನಲ್ಲಿ 36 ಹಲ್ಲು. ಮೂರು ಮೂರಲಿ ಒಂಬತ್ತು. ಎರಡೂ ಹಂತಕ್ಕೆ 8–24 ಬಳಸಿದರೂ ಅನುಪಾತ ಅದೇ ಬರುತ್ತದೆ, ಆದರೆ ಗಾಲಿಯ ಹತ್ತಿರ ಬಲ ಜಾಸ್ತಿ ಇರುತ್ತದೆ. 8 ಹಲ್ಲಿನ ಸಣ್ಣ ಗೇರ್ ಅಲ್ಲಿ ಬೇಗ ಸವೆಯುತ್ತದೆ, ಹಲ್ಲಿನ ಬುಡದಲ್ಲಿ ಸಣ್ಣ ಪುಡಿ ಉದುರತೊಡಗುತ್ತದೆ. 12–36 ಜೋಡಿಯ ಹಲ್ಲು ಅಗಲ, ತಾಳಿಕೆ ಹೆಚ್ಚು. ಇನ್ನೊಂದು ಮಾತು, 24 ಹಲ್ಲಿನ ಗೇರೂ 36 ಹಲ್ಲಿನ ಗೇರೂ ಒಂದೇ ಸಾಲಿನಲ್ಲಿ ಇದ್ದರೆ ಒಂದಕ್ಕೊಂದು ತಾಗುತ್ತವೆ. 8–24 ಒಂದು ಸಾಲು, 12–36 ಪಕ್ಕದ ಸಾಲು ಎಂದು ಬೇರೆ ಮಾಡಿ, ನಡುವೆ ಅರ್ಧ ಬುಷ್ (ಅಚ್ಚಿಗೆ ತೊಡಿಸುವ ಸಣ್ಣ ಬಳೆ) ಹಾಕಿ.

ಗೇರ್ ಬದಲಿಸಿದಿರಿ, ಗುಂಯ್ ಹೋಯಿತು. ಉಳಿದದ್ದು ಕಟಕಟ, ಹೆಚ್ಚಿನ ಗಾಡಿಗಳು ಸೋಲುವುದು ಇಲ್ಲೇ.

ಒಂದು ಪರೀಕ್ಷೆ ಮಾಡಿ. ಹಿಂದಿನ ಗಾಲಿಗಳನ್ನು ಕೈಯಿಂದ ಗಟ್ಟಿ ಹಿಡಿಯಿರಿ, ಮಗಳಿಗೆ ಸ್ವಿಚ್ ಒತ್ತಲು ಹೇಳಿ, ಎರಡೇ ಸೆಕೆಂಡು. ಕಣ್ಣು ಗೇರುಗಳ ಮೇಲಿರಲಿ. ಯಾವ ಜೋಡಿ ಒಂದರಿಂದೊಂದು ದೂರ ಸರಿಯುತ್ತದೆ? ಅಚ್ಚು ಬಾಗುತ್ತಿದೆಯೇ, ಬೀಮ್ ಅಗಲುತ್ತಿದೆಯೇ, ಅಥವಾ ಮೋಟರೇ ಹಿಂದಕ್ಕೆ ಎದ್ದು ನಿಲ್ಲುತ್ತಿದೆಯೇ? ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ನಿಂತ ಎಂ ಮೋಟರ್ 0.8 ಆಂಪಿಯರಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ, ಎಲ್ಲವೂ ಶಾಖವಾಗುತ್ತದೆ.

ಹಲ್ಲಿಗೆ ಹಲ್ಲು ಒತ್ತಿದಾಗ ಎರಡು ಗೇರುಗಳೂ ಒಂದನ್ನೊಂದು ಆಚೆ ನೂಕುತ್ತವೆ. ಆದ್ದರಿಂದ ಜೋಡಿಯ ಎರಡೂ ಅಚ್ಚುಗಳು ಒಂದೇ ಬೀಮಿನ ತೂತುಗಳಲ್ಲಿ ಕೂತಿರಬೇಕು, ಅದೂ ಗೇರಿನ ಎರಡೂ ಬದಿಗೆ. ಒಂದೇ ಬದಿಗೆ ಆಸರೆ ಇದ್ದು ಗೇರ್ ಅಚ್ಚಿನ ತುದಿಯಲ್ಲಿ ನೇತಾಡುತ್ತಿದ್ದರೆ ಜಾರುವುದು ಖಂಡಿತ. ನಿಮ್ಮ ಈಗಿನ 12–20 ಜೋಡಿಯಲ್ಲಿ ಮೋಟರ್ ಒಂದು ತುಂಡಿನ ಮೇಲೆ, ಅಚ್ಚು ಇನ್ನೊಂದು ತುಂಡಿನಲ್ಲಿ ಇರಬೇಕು; ಕಟಕಟ ಬರುವುದು ಅಲ್ಲಿಂದಲೇ. ಹೊಸ ಜೋಡಣೆಯಲ್ಲಿ 15 ತೂತಿನ ಬೀಮ್ ಎರಡು ತೆಗೆದುಕೊಂಡು ಮೋಟರಿನ ಮುಖ, ನಡುವಿನ ಅಚ್ಚು, ಗಾಲಿಯ ಅಚ್ಚು ಮೂರನ್ನೂ ಅವುಗಳಲ್ಲೇ ಕೂರಿಸಿ. ಮೋಟರಿಗೆ ಮುಂದೆ ಮಾತ್ರ ಪಿನ್ ಹಾಕಿ ಬಿಡಬೇಡಿ, ಹಿಂಬದಿಗೂ ಆಸರೆ ಕೊಡಿ. ಬದಿಯ ಬೀಮುಗಳು ಅಗಲದಂತೆ ಗೇರುಗಳ ಮುಂದೊಂದು, ಹಿಂದೊಂದು ಅಡ್ಡ ಬೀಮ್ ಹಾಕಿ. ಅಡ್ಡ ಬೀಮಿನ ಪ್ರತಿ ತುದಿಗೂ ಎರಡು ಪಿನ್ ಬೇಕು. ಒಂದೇ ಪಿನ್ ಇದ್ದರೆ ಅದು ಬಾಗಿಲ ಕೀಲಿನ ಹಾಗೆ ತಿರುಗುತ್ತದೆ.

ಚಾಸಿಯನ್ನು ಸ್ಟಡ್ ಇರುವ ತೂತಿನ ಬ್ರಿಕ್ಸಿನಿಂದ ಕಟ್ಟಿದ್ದರೆ ಇನ್ನೊಂದು ಎಚ್ಚರ. ಸ್ಟಡ್ ಹಿಡಿತ ಮೇಲಿನಿಂದ ಒತ್ತುವ ಭಾರಕ್ಕೆ ಸಾಕು, ಬಿಡಿಸುವ ಬಲಕ್ಕೆ ಸಾಲದು. ಓಡುತ್ತ ಓಡುತ್ತ ಪದರಗಳು ಕಣ್ಣಿಗೆ ಕಾಣದಷ್ಟು ಬಿಡುತ್ತವೆ. ಅದನ್ನು ನಿಲ್ಲಿಸಲು ನಿಂತ ಬೀಮಿನಿಂದ ಬೀಗ ಹಾಕಬೇಕು. ಬ್ರಿಕ್ಸಿನ ಎತ್ತರ 9.6 ಮಿ.ಮೀ., ಪ್ಲೇಟಿನದು 3.2. ಬ್ರಿಕ್ ಮೇಲೆ ಬ್ರಿಕ್ ನೇರ ಇಟ್ಟರೆ ತೂತುಗಳ ಅಂತರ 9.6 ಆಗುತ್ತದೆ, 8ರ ಲೆಕ್ಕಕ್ಕೆ ಸೇರುವುದಿಲ್ಲ. ನಡುವೆ ಎರಡು ಪ್ಲೇಟ್ ಇಟ್ಟು ನೋಡಿ: 9.6ಕ್ಕೆ 6.4 ಕೂಡಿ 16 ಮಿ.ಮೀ., ಸರಿಯಾಗಿ ಎರಡು ತೂತು. ಮೂರು ತೂತಿನ ಬೀಮನ್ನು ನಿಲ್ಲಿಸಿ ಅದರ ಮೇಲಿನ, ಕೆಳಗಿನ ತೂತಿಗೆ ಪಿನ್ ಒತ್ತಿದರೆ ಆ ಪದರಗಳು ಮತ್ತೆ ಬಿಡುವ ಮಾತಿಲ್ಲ. ಪ್ಲೇಟ್ ಇಲ್ಲದೆ ಬ್ರಿಕ್ಸನ್ನೇ ಪೇರಿಸಿದ್ದರೆ ಮೊದಲನೇ ಮತ್ತು ಆರನೇ ಬ್ರಿಕ್ಸಿನ ನಡುವೆ 48 ಮಿ.ಮೀ. ಬರುತ್ತದೆ, ಅಲ್ಲಿಗೆ ಏಳು ತೂತಿನ ಬೀಮ್ ಕೂರುತ್ತದೆ. ಈ ಎರಡು ಅಳತೆ ಮಗಳಿಗೆ ಬಾಯಿಪಾಠ ಆಗಲಿ, ಮುಂದೆ ಏನೇ ಕಟ್ಟಿದರೂ ಬೇಕಾಗುತ್ತದೆ.

ಬುಷ್‌ಗಳನ್ನು ಬೀಮಿಗೆ ಒತ್ತಿ ಬಿಗಿದರೆ ಅದು ಬ್ರೇಕ್ ಹಾಕಿದಂತೆಯೇ. ಉಗುರಿನಿಂದ ಸರಿಸಿದರೆ ಅಚ್ಚು ಆಚೀಚೆ ಅರ್ಧ ಮಿಲಿಮೀಟರ್ ಆಡಬೇಕು. ಮೋಟರ್ ಸೇರಿಸುವ ಮುಂಚೆ ಗಾಲಿಯನ್ನು ಬೆರಳಿನಿಂದ ತಿರುಗಿಸಿ ಬಿಡಿ. ಸ್ವಲ್ಪ ಹೊತ್ತು ತಾನೇ ತಿರುಗಿ ನಿಧಾನ ನಿಲ್ಲಬೇಕು. ಬಿಟ್ಟ ಕೂಡಲೇ ನಿಂತರೆ ಯಾವುದೋ ತೂತು ಸಾಲಿನಲ್ಲಿಲ್ಲ. ಒಂದೊಂದೇ ಅಚ್ಚು ಕೂರಿಸುವಾಗಲೇ ಈ ಪರೀಕ್ಷೆ ಮಾಡಿಕೊಂಡು ಹೋದರೆ ಪೂರಾ ಕಟ್ಟಿದ ಮೇಲೆ ಬಿಚ್ಚುವ ಪಾಡು ತಪ್ಪುತ್ತದೆ.

ಟ್ರೇಲರ್‌ಗಳ ಉಜ್ಜಾಟ ಅಳೆಯಲು ಒಂದು ಮೀಟರ್ ಉದ್ದದ ಹಲಗೆ ಸಾಕು. ಲೋಡ್ ಮಾಡಿದ ಟ್ರೇಲರನ್ನು ಹಲಗೆಯ ಮೇಲಿಟ್ಟು ಒಂದು ತುದಿ ನಿಧಾನ ಎತ್ತಿ. ತುದಿ 10 ಸೆಂ.ಮೀ. ಎದ್ದಾಗ ಉರುಳತೊಡಗಿದರೆ ಉಜ್ಜಾಟ ತೂಕದ ಹತ್ತರಲ್ಲಿ ಒಂದು ಪಾಲು, ಮೇಲೆ ನಾವು ಹಿಡಿದ ಲೆಕ್ಕ ಸರಿ. 20 ಸೆಂ.ಮೀ.ವರೆಗೂ ಅಲುಗದಿದ್ದರೆ ಗಾಲಿ ಬಿಚ್ಚಿ ನೋಡಲೇಬೇಕು. ಸಾಮಾನ್ಯವಾಗಿ ಸಿಗುವ ತಪ್ಪು ಪಿನ್ನಿನದು. ಕಪ್ಪು ಪಿನ್ ಮತ್ತು ಉದ್ದದ ನೀಲಿ ಪಿನ್ ಬಿಗಿ ಹಿಡಿಯಲೆಂದೇ ಮಾಡಿದವು, ಅವುಗಳ ಮೈಮೇಲೆ ಸಣ್ಣ ಗೆರೆಯಂಥ ಉಬ್ಬು ಇರುತ್ತದೆ. ತಿರುಗುವ ಕಡೆ, ಅಂದರೆ ಗಾಲಿ, ಸ್ಟೀರಿಂಗ್, ಟ್ರೇಲರ್ ಕೊಂಡಿಗೆ ತಿಳಿ ಬೂದು ಅಥವಾ ಮರಳು ಬಣ್ಣದ ನುಣುಪು ಪಿನ್ ಬೇಕು. ಬೇರೆ ಕಂಪನಿಯ ಸೆಟ್ಟಿನಲ್ಲಿ ಬಣ್ಣ ಬೇರೆ ಇರಬಹುದು. ಉಬ್ಬು ಇದೆಯೋ ಇಲ್ಲವೋ ಉಗುರಿನಿಂದ ಗೀರಿ ನೋಡಿದರೆ ಗೊತ್ತಾಗುತ್ತದೆ. ಎರಡು ಗಾಲಿಯನ್ನು ಒಂದೇ ಅಚ್ಚಿಗೆ ಬಿಗಿದಿದ್ದರೆ ತಿರುವಿನಲ್ಲಿ ಒಂದು ಗಾಲಿ ಎಳೆದುಕೊಂಡು ಹೋಗಬೇಕಾಗುತ್ತದೆ, ಟ್ರೇಲರಿನ ಗಾಲಿಗಳು ಬೇರೆ ಬೇರೆ ತಿರುಗಲಿ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಮಾತ್ರ ಡಿಫರೆನ್ಷಿಯಲ್ (ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಹಾಕುವುದು ಬೇಡ ಎಂಬುದು ನನ್ನ ಅಭಿಪ್ರಾಯ: ಒಂದು ಗಾಲಿ ಧೂಳಿನ ಮೇಲೆ ಹೋದರೆ ಬಲವೆಲ್ಲ ಅತ್ತ ಹರಿದು ಗಾಡಿ ನಿಲ್ಲುತ್ತದೆ. ತಿರುವು ದೊಡ್ಡದಾದರೂ ಚಿಂತೆಯಿಲ್ಲ.

ಅಚ್ಚಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ನಮ್ಮ ಕಡೆಯ ಧೂಳು ಅದಕ್ಕೆ ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಹಿಡಿತ ಮರಳಿ ಬರುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವ ಮಾತ್ರ ಬ್ರಿಕ್ಸಿನ ಹತ್ತಿರ ಸುಳಿಯಬಾರದು. ಅದರಲ್ಲಿ ಅಸಿಟೋನ್ ಇದ್ದರೆ ಬ್ರಿಕ್ಸಿನ ಎಬಿಎಸ್ ಪ್ಲಾಸ್ಟಿಕ್ ಕರಗುತ್ತದೆ.

ಕೊಂಡಿಯ ಎತ್ತರ ಎಷ್ಟಿಟ್ಟಿದ್ದೀರಿ ಎಂದು ಬರೆದಿಲ್ಲ. ಅದು ಹಿಂದಿನ ಅಚ್ಚಿಗಿಂತ ಕೆಳಗಿರಲೇಬೇಕು. ಮೇಲಿದ್ದರೆ ಟ್ರೇಲರಿನ ಎಳೆತ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚಲು ನೋಡುತ್ತದೆ, ಮುಂದಿನ ಗಾಲಿ ಏಳುತ್ತದೆ, ಸ್ಟೀರಿಂಗ್ ಇದ್ದೂ ಇಲ್ಲದಂತಾಗುತ್ತದೆ. ಕಬ್ಬು ಹೇರಿದ ನಿಜವಾದ ಟ್ರ್ಯಾಕ್ಟರ್ ಏರಿನಲ್ಲಿ ಮುಂದಿನ ಗಾಲಿ ಎತ್ತುವುದನ್ನು ನಿಮ್ಮ ಭಾಗದ ರಸ್ತೆಗಳಲ್ಲಿ ನೋಡಿಯೇ ಇರುತ್ತೀರಿ. 81.6 ಗಾಲಿಗೆ ಅಚ್ಚು ನೆಲದಿಂದ 4 ಸೆಂ.ಮೀ. ಮೇಲಿರುತ್ತದೆ, ಕೊಂಡಿ 2.5ರಿಂದ 3 ಸೆಂ.ಮೀ. ಎತ್ತರದಲ್ಲಿ ಇರಲಿ.

ಸೆಲ್ ವಿಷಯ. ಗಡಿಯಾರ, ರಿಮೋಟಿಗೆ ಹಾಕುವ ಅಗ್ಗದ ಸೆಲ್ ಇದಕ್ಕೆ ಬೇಡ, ಅವು ಇಷ್ಟು ಕರೆಂಟ್ ಕೊಡಲಾರವು. ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಆಲ್ಕಲೈನ್ ಆರು ಸೇರಿ 9 ವೋಲ್ಟ್. ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಆರು ಸೇರಿ 7.2 ವೋಲ್ಟ್, ವೇಗ ಐದರಲ್ಲಿ ಒಂದು ಪಾಲು ಕಡಿಮೆ, ಆದರೆ ಭಾರದಲ್ಲೂ ವೋಲ್ಟೇಜ್ ಹಿಡಿದಿಡುತ್ತವೆ, ವರ್ಷಗಟ್ಟಲೆ ಬರುತ್ತವೆ. ಮೇಲಿನ 9:1 ಅನುಪಾತದಲ್ಲಿ ಈ ಕೊರತೆಗೂ ಅವಕಾಶ ಇದೆ. ಹಳೆಯದು, ಹೊಸದು ಬೆರೆಸಿ ಹಾಕಬೇಡಿ. ಆಟ ಮುಗಿದ ಮೇಲೆ ಸೆಲ್ ತೆಗೆದಿಡಿ, ಬೇಸಿಗೆಯಲ್ಲಿ ಗಾಡಿಯನ್ನು ಮಾಳಿಗೆಯ ಬಿಸಿಲಿನಲ್ಲಿ ಬಿಡಬೇಡಿ. ಬಿಳಿ, ಬೂದು ಬ್ರಿಕ್ಸು ಹಳದಿಯಾಗುತ್ತವೆ.

ಇನ್ನು ಎಕ್ಸ್‌ಎಲ್. ಅದರ ವೇಗ ನಿಮಿಷಕ್ಕೆ 220 ಸುತ್ತು, ನಿಲ್ಲುವ ಟಾರ್ಕ್ ಸುಮಾರು 40 ನ್ಯೂಟನ್-ಸೆಂ.ಮೀ., ನಿಂತಾಗ 1.8 ಆಂಪಿಯರ್ ಎಳೆಯುತ್ತದೆ, ದಪ್ಪ 5×5 ಸ್ಟಡ್. ಮುಂದೆ ಮೂರನೇ ಟ್ರೇಲರ್ ಬೇಕೆನಿಸಿದಾಗ, ಚಾಸಿ ಗಟ್ಟಿಯಾದ ಮೇಲೆ ಕೊಳ್ಳಿ. ಕೊಳ್ಳುವಾಗ ಪ್ಲಗ್ ನೋಡಿಕೊಳ್ಳಿ: ಲೆಗೋ ಕಂಪನಿ ಪವರ್ ಫಂಕ್ಷನ್ಸ್ ಸರಣಿಯನ್ನು ನಿಲ್ಲಿಸಿದೆ, ಈಗಿನ ಪವರ್ಡ್ ಅಪ್ ಮೋಟರಿನ ಪ್ಲಗ್ ನಿಮ್ಮ ಬಾಕ್ಸಿಗೆ ಹೊಂದುವುದಿಲ್ಲ. ಹಳೆಯ ಪ್ಲಗ್ಗಿನ ಮಾದರಿಯಲ್ಲೇ ಬೇರೆ ಕಂಪನಿಗಳು ಮಾಡುವ ಮೋಟರುಗಳಿವೆ, ಅವು ಹೊಂದುತ್ತವೆ. ಸದ್ಯಕ್ಕೆ ನಿಮಗೆ ಬೇಕಾದ್ದು 8, 24, 12, 36 ಹಲ್ಲಿನ ಗೇರ್ ಒಂದೊಂದು, 15 ತೂತಿನ ಬೀಮ್ ಎರಡು, ಅಚ್ಚು ಎರಡು, ಬುಷ್ ಐದಾರು, ಪಿನ್ ಒಂದಿಪ್ಪತ್ತು. ಹೆಚ್ಚಿನವು ನಿಮ್ಮ ಡಬ್ಬಿಯಲ್ಲೇ ಇರುತ್ತವೆ. ಬಿಚ್ಚುವ ಮುಂಚೆ ಕಂಪ್ಯೂಟರಿನಲ್ಲಿ ಜೋಡಿಸಿ ನೋಡಬೇಕೆಂದರೆ ಬ್ರಿಕ್‌ಲಿಂಕ್ ಸ್ಟುಡಿಯೋ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಕೊನೆಗೆ ಕಬ್ಬು ಸುರುವುವ ವ್ಯವಸ್ಥೆ. ಇದಕ್ಕೆ ಸ್ಕ್ರೂ ಆಕಾರದ ವರ್ಮ್ ಗೇರ್ ಬಳಸಿ. ವರ್ಮ್ ಒಂದು ಸುತ್ತು ತಿರುಗಿದರೆ ಎದುರಿನ ಗೇರ್ ಒಂದೇ ಹಲ್ಲು ಸರಿಯುತ್ತದೆ, ಹಾಗಾಗಿ 24 ಹಲ್ಲಿನ ಗೇರಿಗೆ 24:1. ಮೋಟರ್ ನಿಲ್ಲಿಸಿದ ಮೇಲೆ ಭಾರ ಅದನ್ನು ಹಿಂದಕ್ಕೆ ತಿರುಗಿಸಲಾರದು, ಎತ್ತಿದ ಟ್ರೇಲರ್ ಎತ್ತಿದಲ್ಲೇ ನಿಲ್ಲುತ್ತದೆ. 24 ಹಲ್ಲಿನ ಗೇರಿಗೂ ವರ್ಮಿಗೂ ಅಂತರ ಎರಡು ತೂತು. ಉಜ್ಜಾಟ ಬಹಳ, ಹಾಕಿದ ಬಲದಲ್ಲಿ ಹೆಚ್ಚಿನ ಪಾಲು ಅಲ್ಲೇ ಕರಗುತ್ತದೆ, ಆದ್ದರಿಂದ ಮೋಟರಿಗೂ ವರ್ಮಿಗೂ ನಡುವೆ ಇನ್ನೊಂದು 8–24 ಜೋಡಿ ಹಾಕಿ 72:1 ಮಾಡಿ. ಎರಡನೇ ಎಂ ಮೋಟರ್ ಬೇಕಾಗುತ್ತದೆ. ಮೊದಲನೆಯದರ ಪ್ಲಗ್ಗಿನ ಮೇಲೇ ಇದನ್ನು ಕೂರಿಸಿದರೆ ಎರಡೂ ಒಟ್ಟಿಗೇ ತಿರುಗುತ್ತವೆ, ಆದ್ದರಿಂದ ನಡುವೆ ಒಂದು ಸ್ವಿಚ್ ಇರಲಿ. ಟ್ರೇಲರ್ ಪೂರ್ತಿ ಎದ್ದ ಮೇಲೂ ಸ್ವಿಚ್ ಬಿಡದಿದ್ದರೆ ಏನಾದರೂ ಮುರಿಯುತ್ತದೆ. ಅದಕ್ಕೆ ಆ 8–24 ಜೋಡಿಯಲ್ಲಿ ಮಾಮೂಲಿ 24 ಹಲ್ಲಿನ ಬದಲು ಬಿಳಿ ಬಣ್ಣದ ಕ್ಲಚ್ ಗೇರ್ ಹಾಕಿ. ಅದರ ಮೇಲೆ 2.5–5 ಎಂದು ಬರೆದಿರುತ್ತದೆ, ಅಷ್ಟು ನ್ಯೂಟನ್-ಸೆಂ.ಮೀ. ದಾಟಿದರೆ ತಾನೇ ಜಾರುತ್ತದೆ. ವರ್ಮ್ ತಿರುಗುವಾಗ ತನ್ನ ಅಚ್ಚಿನ ಉದ್ದಕ್ಕೂ ಸರಿಯಲು ನೋಡುತ್ತದೆ, ಎತ್ತುವಾಗ ಒಂದು ಕಡೆ, ಇಳಿಸುವಾಗ ಇನ್ನೊಂದು ಕಡೆ. ಎರಡೂ ತುದಿಗೆ ಬುಷ್ ಇಟ್ಟು, ಬುಷ್‌ನ ಹಿಂದೆಯೇ ಬೀಮಿನ ಆಸರೆ ಕೊಡಿ. ಒಂದು ತುದಿ ಬಿಟ್ಟರೆ ಎತ್ತುವಾಗ ಸರಿ ಇರುತ್ತದೆ, ಇಳಿಸುವಾಗ ವರ್ಮ್ ಗೇರಿನಿಂದ ಕಳಚಿ ಟ್ರೇಲರ್ ಧೊಪ್ಪೆಂದು ಬೀಳುತ್ತದೆ.